ಕಣ್ಣು ತೆರೆಸುವ ಫೋಟೋ ಆಚಾರ್ರು

ಆದವಾನಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಹೋದವರಿಗೆಲ್ಲ ಮೊದಲು ಸಿಗುತ್ತಿದ್ದುದು ಒಂದೇ ಅಪ್ಪಣೆ: ಕದಲಬಾರದು. ಅಪ್ಪಣೆ ಕೊಡುತ್ತಿದ್ದ ವಾಸುದೇವಾಚಾರ್ರು ಮಾತ್ರ ಹುಟ್ಟಿದಾರಭ್ಯ ಒಂದು ಕಡೆ ನೆಟ್ಟಗೆ ಕುಳಿತವರಲ್ಲ. ಗಿರಾಕಿಯನ್ನು ಕುರ್ಚಿಯ ಮೇಲೆ ಕಲ್ಲು ಮಾಡಿ ಕೂರಿಸಿ, ತಾವು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸುವುದು, ಹೊರಗೆ ಬರುವುದು, ಬಿದಿರು ಕೋಲಿನಿಂದ ಮಾಡಿನ ಪರದೆ ಎಳೆಯುವುದು, ಅದು ಒಗ್ಗದೆ ಮತ್ತೆ ಸರಿಸುವುದು, ಗಿರಾಕಿಯ ಗದ್ದ ಹಿಡಿದು ಒಂದು ಕೂದಲೆಳೆಯಷ್ಟು ತಿರುಗಿಸುವುದು. ಅಷ್ಟರಲ್ಲಿ ಕೂತವನ ಬೆನ್ನು ಬಾಗುತ್ತಿತ್ತು. ಆಚಾರ್ರಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಅವರಿಗೆ ಮೂಗಿನ ತುದಿಯಲ್ಲೇ ಇತ್ತು, ಇಳಿಯಲು ಮಾತ್ರ ಬಹಳ ಹೊತ್ತು ಹಿಡಿಯುತ್ತಿತ್ತು.

ಅವರದು ಪೂಜೆ ಪುರಾಣದ ಮನೆತನ. ಅಪ್ಪ ಮಠದಲ್ಲಿ ಘಂಟೆ ಅಲ್ಲಾಡಿಸುತ್ತಿದ್ದಾಗ ಮಗ ಬಳ್ಳಾರಿಗೆ ಓಡಿಹೋಗಿ ಸ್ಟುಡಿಯೋ ಒಂದರಲ್ಲಿ ಫೋಟೋದ ಗಾಜಿನ ಪ್ಲೇಟು ತೊಳೆಯುತ್ತಿದ್ದ. ಮಂತ್ರ ಕಲಿಯಲು ಕುಳಿತುಕೊಳ್ಳಬೇಕು. ಆ ಕೆಲಸ ತನ್ನಿಂದಾಗದು ಎಂದು ಅವನಿಗೆ ಎಳವೆಯಲ್ಲೇ ತಿಳಿದಿತ್ತು. ಊರಿಗೆ ಮರಳಿ ಬಜಾರಿನ ಹಿಂದಿನ ಓಣಿಯಲ್ಲಿ ಸ್ವಂತ ಸ್ಟುಡಿಯೋ ಹಾಕಿದಾಗ ಮಾಡಿನ ಬಡಗಣ ಪಕ್ಕವನ್ನು ಒಡೆಸಿ ಗಾಜು ಹೊದಿಸಿದರು. ಬಡಗಣ ಬೆಳಕಿಗೆ ಮುನಿಸು ಗೊತ್ತಿಲ್ಲ, ಬೆಳಿಗ್ಗೆ ಹೇಗೋ ಮಧ್ಯಾಹ್ನವೂ ಹಾಗೇ ಎಂಬುದು ಅವರು ಗುರುವಿನಿಂದ ಪಡೆದ ಒಂದೇ ಉಪದೇಶ. ಆದವಾನಿಯ ಬಿಸಿಲಿಗೆ ಆ ಗುಣವಿಲ್ಲ. ಬಂಡೆಗುಡ್ಡಗಳಿಗೆ ಬಡಿದು ಇಮ್ಮಡಿಯಾಗಿ ಮುಖಕ್ಕೆ ರಾಚುವ ಬಿಸಿಲು ಅದು. ಅದನ್ನು ಪಳಗಿಸಲು ಆಚಾರ್ರು ಗಾಜಿನ ಕೆಳಗೆ ತೆಳು ಮಲ್ಲು ಬಟ್ಟೆಯ ಪರದೆಗಳನ್ನು ಬಳೆಗಳಿಗೆ ಪೋಣಿಸಿ ಕಟ್ಟಿದ್ದರು. ಒಂದು ಕೆನ್ನೆಗೆ ಪರದೆಯ ಬೆಳಕು, ಇನ್ನೊಂದು ಕೆನ್ನೆಗೆ ಬಿಳಿ ಪಂಚೆಯನ್ನು ಚೌಕಟ್ಟಿಗೆ ಬಿಗಿದು ಹೊರಳಿಸಿದ ಬೆಳಕು. ಇಷ್ಟರಲ್ಲೇ ಅವರು ಮುದಿ ಸಾವುಕಾರನನ್ನು ಮದುವಣಿಗ ಮಾಡಿ ಕಳಿಸುತ್ತಿದ್ದರು.

ಉಳಿದದ್ದನ್ನು ಪೆನ್ಸಿಲು ಮಾಡುತ್ತಿತ್ತು. ಊರಿನ ಜಿನ್ನಿಂಗ್ ಗಿರಣಿಗಳಲ್ಲಿ ಹತ್ತಿಯ ಬೀಜ ಬಿಡಿಸಲು ಶುರುವಾದರೆ ಗಾಳಿಯ ತುಂಬ ಅರಳೆಯ ಎಳೆ. ಒಣಗಲು ಇಟ್ಟ ಹಸಿ ಪ್ಲೇಟಿನ ಮೇಲೆ ಅದು ಬಂದು ಕೂತರೆ ಚಿತ್ರದಲ್ಲಿ ಮದುಮಗಳ ಮೂಗಿನ ಕೆಳಗೆ ಬಿಳಿ ಮೀಸೆ ಮೂಡುತ್ತಿತ್ತು. ಅದನ್ನು ಮುಚ್ಚುತ್ತಾ ಮುಚ್ಚುತ್ತಾ ಆಚಾರ್ರ ಕೈಗೆ ತಿದ್ದುವ ಚಟ ಹತ್ತಿತು. ಇಳಿಜಾರು ಮೇಜಿನ ಮೇಲೆ ಗಾಜಿನ ಪ್ಲೇಟು ನಿಲ್ಲಿಸಿ, ಕೆಳಗಿನಿಂದ ಬೆಳಕು ಬಿಟ್ಟುಕೊಂಡು, ಸೂಜಿಯಂತೆ ಮಸೆದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ಸಿಡುಬಿನ ಕಲೆ ತುಂಬುವರು, ಕಣ್ಣ ಕೆಳಗಿನ ಕಪ್ಪು ತೆಗೆಯುವರು, ಕತ್ತಿನ ಸುಕ್ಕು ಅಳಿಸುವರು. ಸಾಕು ಎಂಬುದು ಅವರ ಕೈಗೆ ಗೊತ್ತಿರಲಿಲ್ಲ. ಆಚಾರ್ರ ಮುಂದೆ ಎಮ್ಮೆ ಕೂರಿಸಿದರೂ ಆಕಳು ಮಾಡಿ ಕೊಡುತ್ತಾರೆಂದು ಬಜಾರಿನಲ್ಲಿ ನಗುತ್ತಿದ್ದರು. ನಗುವವರೇ ಮಗಳ ಸಂಬಂಧ ಹುಡುಕುವಾಗ ಮೊದಲು ಬಂದು ನಿಲ್ಲುತ್ತಿದ್ದರು.

ಆದರೆ ಸುತ್ತಿನ ಹಳ್ಳಿಗಳಲ್ಲಿ ಅವರ ಹೆಸರು ನಿಂತದ್ದು ಸತ್ತವರಿಂದ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳುವುದು ಯಾರಿಗೂ ನೆನಪಾಗದು. ಸತ್ತ ಮೇಲೆ ಗೋಡೆಗೆ ಒಂದು ಪಟ ಬೇಕು. ಲಿಂಗಾಯತರ ಮನೆಯಾದರೆ ಹೆಣವನ್ನು ವಿಭೂತಿ ಹಚ್ಚಿ, ಹಾರ ಹಾಕಿ, ಪದ್ಮಾಸನದಲ್ಲಿ ಕೂರಿಸಿರುತ್ತಿದ್ದರು. ಆಚಾರ್ರು ಹೋಗಿ ತೆಗೆದು, ಚಿತ್ರವನ್ನು ದೊಡ್ಡದು ಮಾಡಿ, ಸಣ್ಣ ಕುಂಚದಿಂದ ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆದು, ಅದರ ಫೋಟೋವನ್ನು ಇನ್ನೊಮ್ಮೆ ತೆಗೆದು ಕೊಡುತ್ತಿದ್ದರು. ಬರೆದದ್ದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿದ ಪಟಕ್ಕೆ ಊದಿನಕಡ್ಡಿ ಹಚ್ಚಿದರೆ ಹಚ್ಚಿದವನ ಮುಖ ನೋಡುವವರಾರು? ಜನಕ್ಕೆ ಬೇಕಾಗಿದ್ದುದು ನೋಟ. ಅದನ್ನು ಕೊಡುವವರು ಆದವಾನಿ ಸೀಮೆಗೆ ಇವರೊಬ್ಬರೇ.

ಹೆಂಡತಿ ಅಂಬೂಬಾಯಿಗೆ ಇದೊಂದು ನುಂಗಲಾರದ ತುತ್ತು. ಮಡಿಯ ಮನೆ. ಗಂಡ ಹೆಣದ ಮುಂದೆ ನಿಂತು ಬಂದಾಗಲೆಲ್ಲ ಹಿತ್ತಲ ಬಾಗಿಲಲ್ಲಿ ತಣ್ಣೀರಿನ ಹಂಡೆ.

"ಕ್ಯಾಮೆರಾಕ್ಕೂ ಎರಡು ತಂಬಿಗಿ ಹಾಕ್ಲೇನ್ರೀ? ಅದೂ ಹೆಣ ನೋಡಿ ಬಂದದ."

"ನಿನ್ನ ಬಾಯಿಗೆ ಮೊದಲು ಹಾಕ್ಕೋ," ಎಂದು ಆಚಾರ್ರು ಒದ್ದೆ ಪಂಚೆಯಲ್ಲೇ ಕತ್ತಲೆ ಕೋಣೆಗೆ ಓಡುತ್ತಿದ್ದರು. ಪ್ಲೇಟು ತೊಳೆದು ನೋಡುವ ತನಕ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಂಧ್ರ ರಾಜ್ಯವಾಗಿ ಕರ್ನೂಲು ರಾಜಧಾನಿಯಾಗಿದ್ದ ಹೊಸತು. ಒಂದು ಬೆಳಿಗ್ಗೆ ಹತ್ತಿ ಮಂಡಿಯ ಸೋಮಶೇಖರಪ್ಪ ಸ್ಟುಡಿಯೋಕ್ಕೆ ಬಂದು ನಿಂತ. ಗೋನೆಗಂಡ್ಲದಲ್ಲಿ ಅವನ ವಿಧವೆ ಅಕ್ಕ ವೀರಬಸಮ್ಮನ ಮಗ ವಿಷಮಜ್ವರದಿಂದ ತೀರಿಕೊಂಡಿದ್ದ. ಒಬ್ಬನೇ ಮಗ, ಹೆಸರು ಗಾದಿಲಿಂಗ, ಮದುವೆಯ ಮಾತು ನಡೆದಿದ್ದ ಹುಡುಗ.

"ಸ್ವಾಮೇರ, ಈಗಿಂದೀಗ ನಡೀರಿ. ಮಣ್ಣು ಮಾಡೋದ್ರೊಳಗ ಆಗಬೇಕು."

ಅವರು ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಅಂಗಳದಲ್ಲಿ ಭಜನೆ ನಡೆದಿತ್ತು. ಹುಡುಗನ ತಲೆ ವಾಲದಂತೆ ರುಮಾಲಿನ ಅಂಚನ್ನು ಹಿಂದಿನ ಕಂಬಕ್ಕೆ ಬಿಗಿದಿದ್ದರು. ನಡುನೆತ್ತಿಯ ಬಿಸಿಲಿಗೆ ಹುಬ್ಬಿನ ನೆರಳು ಬಿದ್ದು ಕಣ್ಣಿನ ಗುಳಿಗಳು ಬಾವಿಯಾಗಿದ್ದವು. ಆಚಾರ್ರು ಭಜನೆಯವರನ್ನೇ ಎಬ್ಬಿಸಿ ಪಂಚೆಯ ಮೂಲೆಗಳನ್ನು ಹಿಡಿಸಿ ಹೆಣದ ಮೇಲೆ ಚಪ್ಪರ ಮಾಡಿದರು. ಕೆಳಗೆ ನೆಲದ ಮೇಲೆ ಇನ್ನೊಂದು ಪಂಚೆ ಹಾಸಿ ಬೆಳಕನ್ನು ಗದ್ದದಿಂದ ಮೇಲಕ್ಕೆ ಚಿಮ್ಮಿಸಿದರು. ಗುಳಿಗಳು ತುಂಬಿದವು. ಮುಖ ಶಾಂತವಾಯಿತು. ಕದಲಬಾರದೆಂದು ಹೇಳುವ ಅಗತ್ಯವಿಲ್ಲದ ಗಿರಾಕಿ ಇವನೊಬ್ಬ ಎಂಬ ಯೋಚನೆ ಎಂದಿನಂತೆ ಬಂತು, ಎಂದಿನಂತೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಹೊರಡುವಾಗ ವೀರಬಸಮ್ಮ ಅವರ ದಾರಿಗೆ ಅಡ್ಡ ಬಂದಳು.

"ಸ್ವಾಮೇರ, ಕೊನೀ ದಿನ ಜ್ವರದಾಗ ನನ್ನ ಕಣ್ಣು ತೆರೆದು ನೋಡಲಿಲ್ಲರಿ ಅಂವ. ನೋಡದನ ಹೋದ. ಒಂದ್ಸಲ ನನ್ನ ನೋಡೋಹಂಗ ಮಾಡ್ರಿ. ಮತ್ತೇನೂ ಬ್ಯಾಡ."

ಸೋಮಶೇಖರಪ್ಪ ಆಚಾರ್ರನ್ನು ಪಕ್ಕಕ್ಕೆ ಕರೆದ. "ಗಣಾರಾಧನಿ ಊಟದ ದಿನ ಪಟ ಇಡಬೇಕು. ಊರ ಮಂದಿ ಎಲ್ಲಾ ಬರ್ತಾರ. ಚಂದಾಗಿ ಮಾಡ್ರಿ, ಅಷ್ಟ."

ಚಂದ ಮಾಡುವುದನ್ನು ಆಚಾರ್ರಿಗೆ ಹೇಳಿಕೊಡಬೇಕೇ! ದೊಡ್ಡ, ಶಾಂತ, ನೆಟ್ಟನೆಯ ಕಣ್ಣು ಬರೆದರು. ಕಪ್ಪಿನೊಳಗೆ ಬೆಳಕಿನ ಬಿಂದು ಇಟ್ಟರು. ಹುಡುಗ ಇನ್ನೇನು ಮಾತಾಡುತ್ತಾನೆ ಎನ್ನುವಂತಿದ್ದ. ಅಕ್ಕ ತಮ್ಮ ಬಂದರು. ಸೋಮಶೇಖರಪ್ಪ ಭೇಷ್ ಎಂದ. ವೀರಬಸಮ್ಮ ಪಟವನ್ನು ಬೆಳಕಿಗೆ ಹಿಡಿದು ನೋಡಿದಳು, ಹೊರಳಿಸಿ ನೋಡಿದಳು. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಇವು ನನ್ನ ಮಗನ ಕಣ್ಣಲ್ಲರಿ."

ಇಷ್ಟು ವರ್ಷದಲ್ಲಿ ಆಚಾರ್ರಿಗೆ ಯಾರೂ ಆ ಮಾತು ಆಡಿರಲಿಲ್ಲ. ಮೂಗಿನ ತುದಿಯ ಸಿಟ್ಟು ಬಾಯಿಗೆ ಬಂತು. ಆ ಹೆಂಗಸಿನ ಮುಖ ನೋಡಿ ನುಂಗಿಕೊಂಡರು. "ಹೆಂಗಿದ್ವು ಹೇಳವ್ವಾ. ಸಣ್ಣವಾ? ದಪ್ಪವಾ?"

ಆಕೆ ತಮ್ಮನ ಕಡೆ ನೋಡಿದಳು. ತಮ್ಮ ನೆಲ ನೋಡಿದ. "ಛಲೋ ಇದ್ವು," ಎಂದಳು.

ಮತ್ತೆ ಬರೆದರು. ಈ ಸಲ ರೆಪ್ಪೆ ಸ್ವಲ್ಪ ಇಳಿಸಿ, ನೋಟಕ್ಕೆ ಮೆತ್ತಗಿನ ನಗು ಇಟ್ಟು. ಆಕೆ ಬಂದು ನೋಡಿ, "ಚಂದ ಅದಾವರಿ. ಅವನವಲ್ಲ," ಎಂದು ಹೋದಳು. ಗದರಿಸಿ ಹೋಗಿದ್ದರೆ ಚೆನ್ನಾಗಿತ್ತು. ಆಕೆ ತಪ್ಪು ತನ್ನದೇ ಎಂಬಂತೆ ಹೋದಳು. ಆಚಾರ್ರಿಗೆ ಕುಂಚ ಹಿಡಿದರೆ ಬೇಡ, ಬಿಟ್ಟರೆ ಬೇಡ. ಮದುವೆ ಫೋಟೋಗಳು ತೊಳೆಯದೆ ಬಿದ್ದವು. ಗಿರಾಕಿಗಳು ಬಾಗಿಲಿಗೆ ಬಂದು ಬೈದು ಹೋದರು. ಸ್ಟುಡಿಯೋದಿಂದ ಮನೆಗೆ, ಮನೆಯಿಂದ ಕೋಟೆಗುಡ್ಡದ ಬುಡಕ್ಕೆ, ಅಲ್ಲಿಂದ ಮತ್ತೆ ಸ್ಟುಡಿಯೋಕ್ಕೆ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಅಲೆದರು.

"ಒಂದು ಹೆಣಕ್ಕ ಇಷ್ಟು ಒದ್ದಾಡಿದ್ರ ಬದುಕಿದವರ ಗತಿ ಏನ್ರೀ?" ಅಂಬೂಬಾಯಿ ಬಡಿಸಿದ ತಟ್ಟೆಯ ಮುಂದೆ ಕೂತು ಕೇಳಿದಳು. "ಸಾರು ಆರಿ ಹೋತು."

"ಆಕಿಗೆ ಏನು ಬೇಕು ಅಂತ ಆಕಿಗೇ ಗೊತ್ತಿಲ್ಲ."

"ಹೆತ್ತಾಕಿಗೆ ಗೊತ್ತಿಲ್ಲಂದ್ರ ನಿಮಗೆ ಗೊತ್ತದೇನು?"

ಇಂಥ ಮಾತಿಗೆ ಎದ್ದು ಹೋಗುವುದು ಆಚಾರ್ರ ಪದ್ಧತಿ. ಎದ್ದವರು ಗಡ್ಡ ಬೆಳೆದಿದೆ ಎಂಬ ನೆಪ ಮಾಡಿಕೊಂಡು ಹನುಮಣ್ಣನ ಕ್ಷೌರದ ಅಂಗಡಿಗೆ ಬಂದರು. ಗೋಡೆಯ ಕನ್ನಡಿಯ ಮೇಲೆ ಹನುಮಣ್ಣನ ಸತ್ತ ಅಣ್ಣನ ಪಟವಿತ್ತು. ಅದಕ್ಕೆ ಕಣ್ಣು ಬರೆದವರೂ ಇವರೇ. ಹನುಮಣ್ಣ ಮುಖಕ್ಕೆ ಸಾಬೂನು ಹಚ್ಚಿ ಕತ್ತಿ ಮಸೆಯುತ್ತಿದ್ದ. ಕನ್ನಡಿಯಲ್ಲಿ ನೊರೆಯ ನಡುವೆ ಆಚಾರ್ರಿಗೆ ತಮ್ಮ ಕಣ್ಣು ಮಾತ್ರ ಕಾಣುತ್ತಿತ್ತು. ಅದರ ಮೇಲಿನ ಪಟದಿಂದ ಅವೇ ಕಣ್ಣು ಅವರನ್ನು ನೋಡುತ್ತಿದ್ದವು.

"ಹನುಮಣ್ಣಾ, ನಿಮ್ಮಣ್ಣ ಹಿಂಗ ಇದ್ದನೇನು?"

"ಇದ್ದ ಅನ್ಕೋರಿ," ಹನುಮಣ್ಣ ನಕ್ಕ. "ಪಟದಾಗ ಸ್ವಲ್ಪ ನಿಮ್ಮಂಗ ಕಾಣ್ತಾನ ಅಂತಾರ ಮಂದಿ. ಬ್ರಾಹ್ಮಣ ಕಳಾ ಬಂದೈತಿ ಅಂತ ನಾವೂ ಸುಮ್ಮನಾದ್ವಿ."

ಆಚಾರ್ರು ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದರು. ಹಿಂದೆ ಕೆಲಸ ಮಾಡಿಕೊಟ್ಟ ಮನೆ ಮನೆಗೆ ನುಗ್ಗಿದರು. ಕಮ್ಮಾರರ ಮನೆಯ ಅಜ್ಜಿ, ಬಟ್ಟೆ ಅಂಗಡಿಯ ಯಜಮಾನ, ಎಣ್ಣೆಗಾಣದವರ ಎಳೆ ಸೊಸೆ, ಎಲ್ಲರೂ ಗೋಡೆಯ ಮೇಲಿಂದ ಆಚಾರ್ರ ಕಣ್ಣಿನಿಂದಲೇ ಲೋಕ ನೋಡುತ್ತಿದ್ದರು. ಆಗಬೇಕಾದದ್ದೇ. ಸತ್ತವರು ಕಣ್ಣು ತೋರಿಸುವುದಿಲ್ಲ. ರೆಪ್ಪೆಯ ಬಾಗು, ಬಿಳಿಯ ಅಂಚು ಹೇಗೆಂದು ಅನುಮಾನ ಬಂದಾಗ ಇವರು ಮೇಜಿನ ಮೇಲಿನ ಕೈಗನ್ನಡಿ ಎತ್ತಿ ತಮ್ಮನ್ನೇ ನೋಡಿಕೊಂಡು ಬರೆದಿದ್ದರು. ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪನ ಪಟವೆಂದು ತಮಗೇ ಕೈ ಮುಗಿಯುತ್ತಿದ್ದಾರೆ. ಅವರಿಗೆ ಮೈ ಮೇಲೆ ಬಿಸಿನೀರು ಸುರಿದಂತಾಯಿತು. ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪದವಳು ಒಬ್ಬಳೇ.

ಗಣಾರಾಧನೆಗೆ ಹಿಂದಿನ ದಿನ ಅವರು ಯಾರಿಗೂ ಹೇಳದೆ ಗೋನೆಗಂಡ್ಲದ ಬಸ್ಸು ಹತ್ತಿದರು. ಹೊಸದಾಗಿ ಅಚ್ಚು ಹಾಕಿದ, ಕಣ್ಣು ಮುಚ್ಚಿದ ದೊಡ್ಡ ಚಿತ್ರ, ಕುಂಚ, ಮಸಿ, ಬಿಳಿ ಬಣ್ಣ ಬಗಲಲ್ಲಿ. ಕೈಗನ್ನಡಿ ತಂದಿರಲಿಲ್ಲ. ಬಸ್ಸು ಕೆಟ್ಟು ನಿಂತಾಗ ಉಳಿದವರೆಲ್ಲ ಬೇವಿನ ನೆರಳಿಗೆ ಹೋದರೆ ಇವರು ಡ್ರೈವರನ ಬೆನ್ನ ಹಿಂದೆ ನಿಂತು ಅವನ ಜೀವ ತಿಂದರು.

ಊರಿನಲ್ಲಿ ಸಿಕ್ಕಸಿಕ್ಕವರನ್ನು ಕೇಳಿದರು, ಗಾದಿಲಿಂಗನ ಕಣ್ಣು ಹೇಗಿದ್ದವು? ಕಮಲದಂಥವು ಎಂದ ಒಬ್ಬ. ಮುತ್ತಿನಂಥವು ಎಂದಳು ಒಬ್ಬಳು. ಕಟ್ಟೆಯ ಮೇಲಿದ್ದ ಹುಡುಗನ ಜತೆಗಾರರು ಮುಖ ಮುಖ ನೋಡಿಕೊಂಡು, "ಹೋದವರ ಮಾತ್ಯಾಕ್ರಿ ಸ್ವಾಮೇರ, ಛಲೋ ಹುಡುಗ," ಎಂದು ಎದ್ದೇ ಹೋದರು. ಇಡೀ ಊರೇ ಏನನ್ನೋ ಸೆರಗಿನಲ್ಲಿ ಕಟ್ಟಿಕೊಂಡು ನಿಂತಂತಿತ್ತು. ಹೋದವರ ಕುಂದು ಆಡಿದರೆ ಆ ಕುಂದು ಆಡಿದವರ ಮನೆ ಹೊಗುತ್ತದೆ ಎಂಬ ನಂಬಿಕೆ ಆ ಕಡೆಯದು. ಆಚಾರ್ರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ತಮ್ಮ ಕುಂಚದ್ದೇ ತಪ್ಪು ಎಂದು ತಲೆಯೊಳಗೆ ಹೊಕ್ಕವರಿಗೆ ಬೇರೆಯದೇನೂ ಹೊಳೆಯಲಿಲ್ಲ.

ವೀರಬಸಮ್ಮನ ಪಡಸಾಲೆಯಲ್ಲಿ ಸೋಮಶೇಖರಪ್ಪ ನಾಳೆಯ ಅಡಿಗೆಯವರ ಜೊತೆ ಮಾತಾಡುತ್ತಿದ್ದ. ಆಚಾರ್ರನ್ನು ಕಂಡು ಅವನ ಮುಖ ಗಂಟಿಕ್ಕಿತು. "ಮೊದಲಿನ ಪಟಾನ ಸಾಕಂತ ಹೇಳಿದ್ನಲ್ರಿ. ಆಕಿ ಮಾತು ಏನು ಕೇಳ್ತೀರಿ."

ಆಚಾರ್ರು ಅವನ ಮಾತಿಗೆ ಕಿವಿಗೊಡದೆ ಚಿತ್ರವನ್ನು ಕುರ್ಚಿಯ ಮೇಲೆ ಗೋಡೆಗೆ ಆನಿಸಿ ಇಟ್ಟರು. "ಬಾರವ್ವಾ. ನಿನ್ನ ಮಗನ ಮುಂದ ಕುಂದ್ರು. ನೀ ನೋಡು, ನಾ ಬರೀತೀನಿ."

ವೀರಬಸಮ್ಮ ಒಳಗಿನಿಂದ ಬಂದಳು. ಚಿತ್ರದ ಎದುರಿಗೆ ಬೇಕಾದಷ್ಟು ಜಾಗವಿತ್ತು. ಆಕೆ ಅಲ್ಲಿ ಕೂರಲಿಲ್ಲ. ಪಕ್ಕದ ಕಂಬದ ಹತ್ತಿರ ಸರಿದು, ನೆಲಕ್ಕೆ ಕೂತು, ಮುಖ ಎತ್ತಿ ಅಲ್ಲಿಂದ ಮಗನನ್ನು ನೋಡಿದಳು. ಫೋಟೋ ತೆಗೆಯುವವರಿಗೆ ಜನ ಎಲ್ಲಿ ನಿಂತು ಏನು ನೋಡುತ್ತಾರೆಂಬುದೇ ಕಸುಬು. ಆಚಾರ್ರು ಕುಂಚ ಹಿಡಿದವರು ತಡೆದರು.

"ಅಲ್ಲ್ಯಾಕ ಕುಂತಿ ಯವ್ವಾ? ಎದುರಿಗೆ ಬಾ."

"ಇಲ್ಲೇ ಇರಲಿ ಬಿಡ್ರಿ. ಅಂವ ಉಣ್ಣಾಕ ಕುಂತಾಗ ನಾ ಇಲ್ಲೇ ಕುಂದ್ರತಿದ್ದೆ. ಇಲ್ಲಿ ಕುಂತ್ರ ನನ್ನ ನೋಡ್ತಿದ್ದ."

"ಎದುರಿಗೆ ಕುಂತ್ರ?"

ಆಕೆ ಬಾಯಿ ತೆರೆದಳು. ಸೋಮಶೇಖರಪ್ಪ, "ಅಕ್ಕಾ," ಎಂದ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಆಚಾರ್ರಿಗೆ ಆಗ ಹೊಳೆಯಿತು. ಹುಡುಗನದು ಮೆಳ್ಳಗಣ್ಣು. ಒಂದು ಕಣ್ಣು ಎದುರಿಗೆ ನೋಡಿದರೆ ಇನ್ನೊಂದು ಕಂಬದ ಕಡೆಗೆ. ಊರ ಮುಂದೆ ಎದುರಿನ ಕಣ್ಣು, ತಾಯಿಗೆ ಪಕ್ಕದ ಕಣ್ಣು. ಚಿಕ್ಕಂದಿನಲ್ಲಿ ಓಣಿಯ ಮಕ್ಕಳು ಮೆಳ್ಳ ಮೆಳ್ಳ ಎಂದು ಅಟ್ಟಿಸಿಕೊಂಡು ಬಂದಾಗ ಕೋಲು ಹಿಡಿದು ಓಡಿಸಿರಬೇಕು ಈ ತಾಯಿ. ಈ ಮನೆಯಲ್ಲಿ ಆ ಮಾತು ಬರಬಾರದೆಂದು ಎಲ್ಲರ ಬಾಯಿ ಕಟ್ಟಿದ ತಾಯಿ. ಈಗ ತಾನು ಹೇಗೆ ಆಡಿಯಾಳು? ಎಲ್ಲರ ಕುಂದನ್ನೂ ಹುಡುಕಿ ಹುಡುಕಿ ಅಳಿಸುವ ತಮ್ಮಂಥವರ ಮುಂದೆ ಮಗನ ಕುಂದನ್ನೇ ಆಕೆ ಹೇಗೆ ಬೇಡಿಯಾಳು? ಆಚಾರ್ರಿಗೆ ತಮ್ಮ ಇಡೀ ಕಸುಬಿನ ಮೇಲೆ ಎಂದೂ ಬಾರದ ನಾಚಿಕೆ ಬಂತು.

ಅವರು ಬಾಗಿಲನ್ನು ಅರ್ಧ ಸರಿಸಿ ಬೆಳಕನ್ನು ಪಕ್ಕಕ್ಕೆ ತಂದುಕೊಂಡು, ಚಿತ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಒಂದು ಕಣ್ಣಿನ ಕರಿಯನ್ನು ನಡುವೆ ಬರೆದರು. ಇನ್ನೊಂದನ್ನು ಬರೆಯುವ ಮೊದಲು ಕಂಬದ ಕಡೆ ತಿರುಗಿ ಆಕೆ ಕೂತ ಜಾಗವನ್ನು ಗುರಿ ಹಿಡಿದು ನೋಡಿದರು. ಕರಿಯನ್ನು ಅಂಚಿಗೆ ಸರಿಸಿದರು. ಸಾಲದು, ಇನ್ನೂ ಸ್ವಲ್ಪ. ಬಿಳಿಯಿಂದ ಮುಚ್ಚಿ ಮತ್ತೆ ಸರಿಸಿದರು. ಕೊನೆಗೆ ಎರಡೂ ಕರಿಯಲ್ಲಿ ಬೆಳಕಿನ ಬಿಂದು ಇಟ್ಟು ಪಕ್ಕಕ್ಕೆ ಸರಿದರು.

ವೀರಬಸಮ್ಮನ ಕೈ ಸೆರಗಿನಿಂದ ಜಾರಿತು.

"ಯಪ್ಪಾ," ಎಂದಳು. "ನೋಡಿದ್ಯೇನೋ ನನ್ನ? ಎಷ್ಟೊತ್ತು ಕಾಯಿಸಿದೆಲ್ಲೋ."

ಸೋಮಶೇಖರಪ್ಪನ ಮುಖ ಕೆಂಪಾಗಿತ್ತು. "ಏನು ಮಾಡಿದ್ರಿ ಸ್ವಾಮೇರ? ನಾಳೆ ಊರೆಲ್ಲಾ ಬರ್ತೈತಿ. ಸತ್ತ ಮ್ಯಾಲೂ ನಕ್ಕೊಂಡು ಹೋಗ್ಲೇನು ಮಂದಿ? ಅಳಿಸ್ರಿ ಮೊದಲ."

ತಿದ್ದುವುದೇ ಬದುಕಾಗಿದ್ದ ಆಚಾರ್ರು ಕುಂಚವನ್ನು ನೀರಿನಲ್ಲಿ ಅದ್ದಿ ತೊಳೆದರು, ಒರೆಸಿದರು, ಚೀಲಕ್ಕೆ ಹಾಕಿ ದಾರ ಬಿಗಿದರು.

"ನನ್ನ ಕೆಲಸ ಮುಗೀತು ಸೋಮಶೇಖರಪ್ಪನೋರೇ. ಅಳಿಸೋದಿದ್ರ ಅವರವ್ವನ್ನ ಕೇಳ್ರಿ."

ಸೋಮಶೇಖರಪ್ಪ ಅಕ್ಕನ ಕಡೆ ತಿರುಗಿದ. ಆಕೆ ಮಗನಿಂದ ಮುಖ ತಿರುಗಿಸಲಿಲ್ಲ.

"ನಗ್ಲಿ ಬಿಡೋ ತಮ್ಮಾ," ಎಂದಳು. "ಬದುಕಿದ್ದಾಗೂ ನಕ್ಕಾರ. ಆಗ ನನ್ನ ಮಗ ಮೆಳ್ಳ ಅಲ್ಲ ಅಂತ ಎಲ್ಲಾರ ಜೊತಿ ಜಗಳಾಡಿದೆ. ಈಗ ಹೇಳ್ತೀನಿ ಕೇಳು, ನನ್ನ ಮಗ ಮೆಳ್ಳನ. ನೋಡು, ಎಲ್ಲಾರೂ ಅಲ್ಲಿದ್ರ ಅಂವ ನನ್ನ ಕಡೀನ ನೋಡಾಕತ್ಯಾನ."